1911 ಪಿಸ್ತೂಲು: ಗೀರು ಬೀಳದ ಹಾಗೆ ಸ್ಲೈಡ್ ಸ್ಟಾಪ್ ಕೂರಿಸೋದು

ಮ್ಯಾಗಜೀನ್ ಆಚೆ ಇದೆ, ಗುಂಡು ಕೂರೋ ಚೇಂಬರ್‌ಗೆ ಬೆರಳಿಟ್ಟು ನೋಡಿದ್ದಾಯ್ತು, ಖಾಲಿ. ಬಿಚ್ಚಿದ್ದು, ಎಣ್ಣೆ ಹಾಕಿದ್ದು ಈ ವಿಡಿಯೋದಲ್ಲಿ ನೀವೇ ನೋಡಿದ್ರಿ. ಈಗ ಸ್ಲೈಡ್ ಸ್ಟಾಪ್, ಅಂದ್ರೆ ಗುಂಡು ಖಾಲಿಯಾದಾಗ ಪಿಸ್ತೂಲಿನ ಮೇಲಿನ ಜಾರೋ ಭಾಗವನ್ನ (ಸ್ಲೈಡ್) ಹಿಂದೆಯೇ ಹಿಡಿದು ನಿಲ್ಲಿಸೋ ಲಿವರ್.

ಇದರ ಪಿನ್ 0.200 ಇಂಚು ದಪ್ಪ, ಅಂದ್ರೆ 5 ಮಿಲಿಮೀಟರ್‌ಗಿಂತ ಕೂದಲೆಳೆಯಷ್ಟು ಜಾಸ್ತಿ. ಎಡಗಡೆಯಿಂದ ಹೊಕ್ಕು, ಬ್ಯಾರಲ್ ಕೆಳಗಿರೋ ಲಿಂಕ್‌ನ ತೂತು ದಾಟಿ, ಬಲಗಡೆ ಬರಬೇಕು. ಗುಂಡು ಹಾರಿದಾಗ ಬ್ಯಾರಲ್‌ನ ಹಿಂಬದಿಯನ್ನ ಕೆಳಗೆ ಎಳೆಯೋದು ಆ ಲಿಂಕೇ, ಅದನ್ನ ಹಿಡಿದಿಡೋದು ಈ ಪಿನ್ನೇ. ತೂರ್ತಿಲ್ವಾ? ಲಿಂಕ್ ವಾಲಿದೆ. ಸುತ್ತಿಗೆ ಮುಟ್ಟಬೇಡಿ, ಸ್ಲೈಡನ್ನ ಒಂಚೂರು ಹಿಂದೆ ಮುಂದೆ ಆಡಿಸಿ, ತಾನಾಗೇ ಹೋಗುತ್ತೆ.

ಈಗ ಎಲ್ಲರೂ ಕೈ ಸುಟ್ಟುಕೊಳ್ಳೋ ಜಾಗ. ಸ್ವಲ್ಪ ಹತ್ತಿರ ತೋರಿಸ್ತೀನಿ. ಲಿವರ್ ಹಿಂದೆ ಸಣ್ಣ ಕೊಳವೆ ಇದೆಯಲ್ಲ, ಅದರೊಳಗೆ ಒಂದೇ ಸ್ಪ್ರಿಂಗ್, ಎರಡು ತುದಿಗೆ ಎರಡು ಪ್ಲಂಜರ್, ಅಂದ್ರೆ ಒತ್ತಿದ್ರೆ ಒಳಗೆ ಹೋಗೋ ಸಣ್ಣ ಕಡ್ಡಿ. ಹಿಂದಿಂದು ಸೇಫ್ಟಿಗೆ, ಮುಂದಿಂದು ನಮ್ಮ ಲಿವರ್‌ಗೆ. ಈ ಮುಂದಿನ ಪ್ಲಂಜರ್ ಅಡ್ಡ ನಿಲ್ಲುತ್ತೆ. ಜನ ಏನು ಮಾಡ್ತಾರೆ, ಲಿವರನ್ನ ಕೆಳಗಿಂದ ಮೇಲಕ್ಕೆ ತಿರುಗಿಸ್ತಾ ಬಲವಾಗಿ ಒತ್ತುತಾರೆ. ಲಿವರ್‌ನ ಮೂಲೆ ಫ್ರೇಮ್ ಮೇಲೆ ಉಜ್ಜಿ ಕಮಾನಿನ ಹಾಗೆ ಗೀರು! ಬ್ಲೂಯಿಂಗ್, ಅಂದ್ರೆ ಉಕ್ಕಿನ ಮೇಲಿನ ಕಪ್ಪು-ನೀಲಿ ಲೇಪ, ಹೋದ್ರೆ ಹೋಯ್ತು, ಒರೆಸಿದ್ರೆ ಬರಲ್ಲ. ಎಷ್ಟೋ ಹಳೇ ಪಿಸ್ತೂಲುಗಳು ಈ ಗುರುತಿಂದಲೇ ಹಾಳಾಗಿರೋದು, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ಸಣ್ಣ ಕೊಳವೆ ಕೆಳಗೆ ಟೇಪ್ ಅಂಟಿಸಿ. ಸ್ಲೈಡ್‌ನ ಹಿಂದಿನ ಚಿಕ್ಕ ಅರ್ಧಚಂದ್ರ ಕಚ್ಚು ಲಿವರ್‌ಗೆ ನೇರ ಬರಲಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಪ್ಲಂಜರನ್ನ ಒಳಗೆ ಒತ್ತಿ ಹಿಡಿದು, ಲಿವರನ್ನ ತಿರುಗಿಸದೆ ಸೀದಾ ತಳ್ಳಿ. ಟಿಕ್! ಬಂತು.

ಉದ್ದ ಲಿವರ್ ಹಾಕಿಸ್ಕೊಳ್ಳಿ, ಹೆಬ್ಬೆರಳಿಗೆ ಸಿಗುತ್ತೆ ಅಂತ ಕೆಲವರು ಹೇಳ್ತಾರೆ. ಊಹೂಂ, ಬೇಡ ಬಿಡಿ. ತೂಕ ಜಾಸ್ತಿ, ಹೊಡೆತಕ್ಕೆ ತಾನೇ ಮೇಲೆದ್ದು ಗುಂಡಿರುವಾಗಲೇ ಸ್ಲೈಡ್ ಲಾಕ್ ಆಗಬಹುದು. ಈ ಪಿಸ್ತೂಲನ್ನ ವಿನ್ಯಾಸ ಮಾಡಿದ ಜಾನ್ ಬ್ರೌನಿಂಗ್ ಇಟ್ಟಿದ್ದ ಗಿಡ್ಡ ಲಿವರ್ರೇ ಸರಿ. ಅಮೆರಿಕದ ಸೇನೆ 1911ರಲ್ಲಿ ತಗೊಂಡಿದ್ದು, 1985ರಲ್ಲಿ ಬೆರೆಟ್ಟಾ ಆಯ್ಕೆ ಆಗೋವರೆಗೂ ಇದೇ ಅಧಿಕೃತ ಪಿಸ್ತೂಲು... ಅದಿರಲಿ, ವಿಡಿಯೋ ಮುಗೀತಾ ಬಂತು. ಗಿಡ್ಡ ಲಿವರ್ ಇದ್ದೂ ಮಧ್ಯೆ ಲಾಕ್ ಆದ್ರೆ ಪ್ಲಂಜರ್ ಸ್ಪ್ರಿಂಗ್ ಸೋತಿದೆಯಾ, ಗುಂಡಿನ ಮೂತಿ ಲಿವರ್‌ನ ಒಳಗಿನ ಚಾಚಿಗೆ ತಾಗ್ತಿದೆಯಾ ನೋಡಿ.

ಖಾಲಿ ಮ್ಯಾಗಜೀನ್ ಹಾಕಿ, ಸ್ಲೈಡ್ ಪೂರ್ತಿ ಎಳೆದೆ. ಮ್ಯಾಗಜೀನ್‌ನಲ್ಲಿ ಗುಂಡುಗಳನ್ನ ಮೇಲಕ್ಕೆ ತಳ್ಳೋ ತಟ್ಟೆ, ಅಂದ್ರೆ ಫಾಲೋವರ್, ಲಿವರ್‌ನ ಚಾಚನ್ನ ಎತ್ತಿತು, ನಿಂತಿತು. ನಿಲ್ಲಲಿಲ್ಲ ಅಂದ್ರೆ ಲಿವರ್ ಬದಲಾಯಿಸೋಕೆ ಮುಂಚೆ ಮ್ಯಾಗಜೀನ್ ಬದಲಾಯಿಸಿ ನೋಡಿ.