ಗೇಮ್ ತಡವರಿಸಿದರೆ ಫಾರ್ಮ್ಯಾಟ್ ಹೊಡೆಸಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡುವ ಮೂಡ್‌ನಲ್ಲಿದ್ದೇನೆ. ಜಗಳ ಯಾರ ಮೇಲೆ ಅಂದರೆ, ‘ಸುಮ್ನೆ ಫಾರ್ಮ್ಯಾಟ್ ಹೊಡೆಸಿಬಿಡು ಗುರು’, ಅಂದರೆ ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸು ಅನ್ನುವ ಆ ಸಲಹೆ ಮೇಲೆ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಯವರೆಗೆ ತಳ್ಳಿಕೊಂಡು ಬಂದವರಲ್ಲಿ ತುಂಬಾ ಜನ ಒಲ್ಲದ ಮನಸ್ಸಿನಿಂದ 11ಕ್ಕೆ ಬಂದರು. ಬಂದ ಮೇಲೆ ಎಷ್ಟೋ ಜನರದ್ದು ಒಂದೇ ರಾಗ. ನಿನ್ನೆವರೆಗೂ ಆರಾಮಾಗಿ 90 ಎಫ್‌ಪಿಎಸ್ (ಸೆಕೆಂಡಿಗೆ ತೆರೆ ಮೇಲೆ ಮೂಡುವ ಚಿತ್ರಗಳ ಲೆಕ್ಕ) ಕೊಡುತ್ತಿದ್ದ ಗೇಮ್ ಇವತ್ತು 35ಕ್ಕೇ ಏದುಸಿರು ಬಿಡುತ್ತಿದೆ. ಗೆಳೆಯರನ್ನು ಕೇಳಿದರೆ ಸಿಗುವ ಮದ್ದೂ ಒಂದೇ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಒಯ್ದು ಫಾರ್ಮ್ಯಾಟ್ ಹೊಡೆಸು.

ಸ್ವಲ್ಪ ಯೋಚನೆ ಮಾಡಿ. ಲ್ಯಾಪ್‌ಟಾಪ್ ಒಳಗಿರುವ ಚಿಪ್ ನಿನ್ನೆಯದೇ ಅಲ್ವಾ? ಬದಲಾಗಿರುವುದು ಡ್ರೈವರ್ (ಚಿಪ್ ಮತ್ತು ವಿಂಡೋಸ್ ನಡುವೆ ಮಾತು ದಾಟಿಸುವ ಸಾಫ್ಟ್‌ವೇರ್) ಮತ್ತು ಸೆಟ್ಟಿಂಗ್. ಯಾವುದು ಬದಲಾಯಿತು ಅಂತ ನೋಡದೆ ಎಲ್ಲವನ್ನೂ ಅಳಿಸಿದರೆ, ಕಾಯಿಲೆ ಯಾವುದು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಮೊದಲು ಒಂದು ದಿನ ಬಿಟ್ಟು ನೋಡಿ. ಅಪ್‌ಗ್ರೇಡ್ ಆದ ಕೂಡಲೇ ವಿಂಡೋಸ್ ಹಿಂದೆ ಕೂತು ಫೈಲ್ ಇಂಡೆಕ್ಸಿಂಗ್, ಅಪ್‌ಡೇಟ್ ಅಂತ ಕೆಲಸ ಮಾಡುತ್ತಿರುತ್ತದೆ. ಗ್ರಾಫಿಕ್ಸ್ ಡ್ರೈವರ್ ಬದಲಾದರೆ ಹಳೆಯ ಶೇಡರ್ ಕ್ಯಾಶ್ (ಚಿತ್ರ ಬಿಡಿಸಲು ಮೊದಲೇ ಸಿದ್ಧ ಮಾಡಿಟ್ಟ ಕೋಡ್) ಕೆಲಸಕ್ಕೆ ಬರುವುದಿಲ್ಲ. ಗೇಮ್ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು. ಹೊಸ ಜಾಗಕ್ಕೆ ಹೋದಾಗಲೆಲ್ಲ ತಡವರಿಸಿ, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಸರಿಯಾಗಿದ್ದರೆ ಬಹುಶಃ ಅದೇ ಕಾರಣ. ಇದಕ್ಕೆ ಬೇಕಾಗಿರುವುದು ತಾಳ್ಮೆ.

ಆಮೇಲೂ ಹಾಗೇ ಇದ್ದರೆ ಗೇಮ್ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಟ್ಯಾಬ್‌ನ ಕೊನೆಗೆ ಇಳಿಯಿರಿ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಜಿಪಿಯು (ಗ್ರಾಫಿಕ್ಸ್ ಚಿಪ್) ಇರುತ್ತವೆ. ಒಂದು ಪ್ರೊಸೆಸರ್ ಜೊತೆಗೇ ಬಂದ ಚಿಕ್ಕದು, ಇನ್ನೊಂದು ನೀವು ಜಾಸ್ತಿ ದುಡ್ಡು ಕೊಟ್ಟಿದ್ದು. ಚಿಕ್ಕದರ ಗೆರೆ ಶೇಕಡಾ 98ಕ್ಕೆ ಏರಿ, ದೊಡ್ಡದರ ಗೆರೆ ಸೊನ್ನೆಯಲ್ಲಿ ಮಲಗಿದ್ದರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಲೆಕ್ಕ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಗೇಮ್‌ಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಒಂದು ಎಚ್ಚರ: ಅಲ್ಲಿ ಸೇರಿಸಬೇಕಾದದ್ದು ಗೇಮ್‌ನ ಇಎಕ್ಸ್‌ಇ ಫೈಲನ್ನು (ಗೇಮ್ ಅನ್ನೇ ಓಡಿಸುವ ಫೈಲ್). ಗೇಮ್ ಶುರುಮಾಡಿಕೊಡುವ ಲಾಂಚರ್ ಆ್ಯಪ್‌ನದ್ದನ್ನು ಸೇರಿಸಿ ಏನೂ ಆಗಲಿಲ್ಲ ಅನ್ನುವವರು ತುಂಬಾ ಜನ. ದೊಡ್ಡ ಜಿಪಿಯು ಪಟ್ಟಿಯಲ್ಲೇ ಇಲ್ಲ ಅಂದರೆ ಡಿವೈಸ್ ಮ್ಯಾನೇಜರ್ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಕಂಡರೆ ಅಲ್ಲಿ ಸರಿಯಾದ ಡ್ರೈವರೇ ಕೂತಿಲ್ಲ.

ಎಫ್‌ಪಿಎಸ್ ಗೋಡೆಗೆ ಬಡಿದಂತೆ ಸರಿಯಾಗಿ 30ಕ್ಕೆ ನಿಂತಿದೆಯಾ? ಚಾರ್ಜರ್ ನೋಡಿ. ಬ್ಯಾಟರಿ ಮೇಲೆ ಓಡುವಾಗ ಜಿಪಿಯು ಕಂಪನಿ ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಅನ್ನುವ ಸೌಲಭ್ಯ ಎಫ್‌ಪಿಎಸ್‌ಗೆ ಕಡಿವಾಣ ಹಾಕುತ್ತದೆ. ಮೊದಲ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿದರೆ ಅದು ಬಿಸಿಯ ಆಟ. ಲ್ಯಾಪ್‌ಟಾಪ್ ಕಂಪನಿಯ ಫ್ಯಾನ್ ಸಾಫ್ಟ್‌ವೇರ್ ಸೈಲೆಂಟ್ ಮೋಡ್‌ಗೆ ಬಿದ್ದಿರಬಹುದು. ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಕೂತು ಸೈಲೆಂಟ್ ಮೋಡ್‌ನಲ್ಲಿ ಗೇಮ್ ಆಡುತ್ತೇನೆ ಅಂದರೆ, ದೇವರೇ ಕಾಪಾಡಬೇಕು.

ಕೆಲವು ಸಲ ತಪ್ಪು ನಿಜಕ್ಕೂ ಸಾಫ್ಟ್‌ವೇರ್ ಮಾಡುವ ಕಂಪನಿಗಳದ್ದೇ. 2021ರಲ್ಲಿ ವಿಂಡೋಸ್ 11 ಬಂದ ಹೊಸದರಲ್ಲಿ ಎಎಮ್‌ಡಿ ರೈಜನ್ ಪ್ರೊಸೆಸರ್‌ಗಳ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ನಿಧಾನವಾಗಿತ್ತು. ಕೆಲವು ಗೇಮ್‌ಗಳಲ್ಲಿ ವೇಗ ಶೇಕಡಾ 10ರಿಂದ 15ರಷ್ಟು ಇಳಿಯಬಹುದು ಅಂತ ಎಎಮ್‌ಡಿಯೇ ಹೇಳಿತು. ಅದೇ ತಿಂಗಳು ಪರಿಹಾರವೂ ಬಂತು. ವಿಂಡೋಸ್ 11ರ 2025ರ ಅಕ್ಟೋಬರ್ ಅಪ್‌ಡೇಟ್ ಆದ ಮೇಲೆ ಕೆಲವು ಗೇಮ್‌ಗಳು ನಿಧಾನವಾದಾಗ ಎನ್‌ವಿಡಿಯಾ 581.94 ಅನ್ನುವ ಹಾಟ್‌ಫಿಕ್ಸ್ (ತುರ್ತು ರಿಪೇರಿ) ಡ್ರೈವರ್ ಬಿಡಬೇಕಾಯಿತು. ಇಂಥದ್ದನ್ನು ಫಾರ್ಮ್ಯಾಟ್ ಹೊಡೆಸಿ ಸರಿಮಾಡುವುದು ಹೇಗೆ ಹೇಳಿ? ಮತ್ತೆ ಅದೇ ಅಪ್‌ಡೇಟ್ ಬಂದು ಕೂರುತ್ತದೆ.

ಇನ್ನೂ ಒಂದು ತಮಾಷೆ ಇದೆ. ‘ಮೆಮೊರಿ ಇಂಟೆಗ್ರಿಟಿ’ ಅಂತ ಒಂದು ಭದ್ರತಾ ಸೆಟ್ಟಿಂಗ್. ಇದು ಗೇಮ್‌ನ ವೇಗ ಕಡಿಮೆ ಮಾಡಬಹುದು ಅಂತ ಮೈಕ್ರೋಸಾಫ್ಟೇ ಒಪ್ಪಿಕೊಂಡಿದೆ. ಗೇಮ್ ಆಡುವಾಗ ಬೇಕಿದ್ದರೆ ಆಫ್ ಮಾಡಿ, ಆಮೇಲೆ ಆನ್ ಮಾಡಿ ಅಂತಲೂ ಹೇಳಿದೆ. ಹೊಸ ಹಾರ್ಡ್‌ವೇರ್ ಮೇಲೆ ವಿಂಡೋಸ್ 11 ಹೊಸದಾಗಿ ಹಾಕಿದರೆ ಸಾಮಾನ್ಯವಾಗಿ ಇದು ತಾನಾಗೇ ಆನ್ ಆಗಿರುತ್ತದೆ. ಅಂದರೆ ವೇಗ ಬೇಕು ಅಂತ ಫಾರ್ಮ್ಯಾಟ್ ಹೊಡೆಸಿದವನಿಗೆ ಸಿಗುವುದು ಇನ್ನೂ ಕಡಿಮೆ ಎಫ್‌ಪಿಎಸ್ ಆಗಿರಬಹುದು! ನಾನಂತೂ ಇದನ್ನು ಆಫ್ ಮಾಡುವುದಿಲ್ಲ. ನೆಟ್ ಬ್ಯಾಂಕಿಂಗ್ ಕೂಡ ಅದೇ ಲ್ಯಾಪ್‌ಟಾಪ್‌ನಲ್ಲಿ ಮಾಡುವವರು ನಾವು. ಬೇಕಿದ್ದರೆ ಗೇಮ್ ಸೆಟ್ಟಿಂಗ್‌ನಲ್ಲಿ ಶ್ಯಾಡೋ (ನೆರಳಿನ ಗುಣಮಟ್ಟ) ಒಂದು ಮೆಟ್ಟಿಲು ಇಳಿಸಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ವಿಂಡೋಸ್ 10ಕ್ಕೆ ವಾಪಸ್ ಹೋಗುವ ದಾರಿ ಇದೆ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಬಟನ್. ಸಾಮಾನ್ಯವಾಗಿ ಅಪ್‌ಗ್ರೇಡ್ ಆಗಿ 10 ದಿನ ಮಾತ್ರ ಇರುತ್ತದೆ. ಅಲ್ಲಿಯವರೆಗೆ ಜಾಗ ಸಾಲುತ್ತಿಲ್ಲ ಅಂತ ಡಿಸ್ಕ್ ಕ್ಲೀನಪ್‌ನಲ್ಲಿ ಹಳೆಯ ವಿಂಡೋಸ್ ಫೈಲ್‌ಗಳನ್ನು ಅಳಿಸಬೇಡಿ. ಅಳಿಸಿದರೆ ಆ ಬಟನ್ ಒತ್ತಿಯೂ ಪ್ರಯೋಜನ ಇಲ್ಲ.