ಸಂಡಾಸಿಗೆ ದುಡ್ಡು ಸುರಿಯೋದು ನಿಲ್ಲಿಸ್ರಿ!

ನಮಸ್ಕಾರ ರೀ ಕಲಬುರಗಿ! ಹೋದ ವಿಡಿಯೋ ಕೆಳಗೆ ಒಬ್ಬ ತಮ್ಮ ಬರೆದಿದ್ದಾನೆ: ‘ಬಟ್ಟೆ ಒಗೆದ ನೀರು ಕೂಡಿಟ್ಟು ನೀನೇನು ಸಾಹುಕಾರ ಆಗ್ತೀಯಾ?’ ಅಂತ. ಅದಕ್ಕೆ ನಲವತ್ತು ಲೈಕ್ ಬೇರೆ. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ತಮ್ಮಾ, ಲೆಕ್ಕ ಹಾಕೋಣ ಬಾ. ಹಳೇ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಬಿಡುತ್ತದೆ. ಮನೆಯಲ್ಲಿ ಐದು ಮಂದಿ, ದಿನಕ್ಕೆ ನಾಲ್ಕು ಸಲ ಅಂದರೂ 200 ಲೀಟರ್. ತಿಂಗಳಿಗೆ 6,000. ಅಂದರೆ 5,000 ಲೀಟರಿನ ಒಂದು ಟ್ಯಾಂಕರ್ ಪೂರ್ತಿ ಸಂಡಾಸಿಗೇ ಹೋಯಿತು. ಏಪ್ರಿಲ್‌ನಲ್ಲಿ ಬೋರ್ ಬತ್ತಿದಾಗ ಟ್ಯಾಂಕರಿನವನಿಗೆ ಅಣ್ಣಾ, ಅಪ್ಪಾ ಅಂತ ಗೋಗರೆದು ತರಿಸಿದ ನೀರು ಅದು!

ಇತ್ತ ವಾಷಿಂಗ್ ಮೆಷಿನ್ ನೋಡಿ. ಮೇಲಿಂದ ಬಟ್ಟೆ ಹಾಕುವ ಮೆಷಿನ್ ಒಂದು ಸಲಕ್ಕೆ ನೂರು ಲೀಟರ್ ಸಲೀಸಾಗಿ ಕುಡಿದು, ಅಷ್ಟನ್ನೂ ಮೋರಿಗೆ ಬಿಡುತ್ತದೆ. ಆ ಪೈಪನ್ನು ಮೋರಿಯಿಂದ ಎತ್ತಿ ಡ್ರಮ್ಮಿಗೆ ಹಾಕಿ. ನಮ್ಮ ಮನೆಯಲ್ಲಿ ನೀಲಿ ಡ್ರಮ್, ಪೈಪಿನ ಬಾಯಿಗೆ ಹಳೇ ಸಾಕ್ಸ್ ಕಟ್ಟಿದ್ದೇವೆ. ಎಳೆ, ಕಸ, ಒಮ್ಮೊಮ್ಮೆ ಅಂಗಿ ಗುಂಡಿ, ಎಲ್ಲಾ ಅದರಲ್ಲೇ ನಿಲ್ಲುತ್ತದೆ. ಬಕೆಟ್ಟಲ್ಲಿ ತಗೊಂಡು ನೇರ ಕಮೋಡಿಗೆ ಜೋರಾಗಿ ಸುರಿಯಿರಿ. ಫ್ಲಶ್ ಟ್ಯಾಂಕಿಗೆ ಮಾತ್ರ ಹಾಕಬೇಡಿ, ವಾಲ್ವ್ ಕಟ್ಟಿಕೊಳ್ಳುತ್ತದೆ.

‘ಗಿಡಕ್ಕೆ ಹಾಕಬಹುದಾ?’ ಅಂತ ಒಬ್ಬ ಅಕ್ಕ ಕೇಳಿದ್ದಾರೆ. ಅಕ್ಕಿ, ತೊಗರಿಬೇಳೆ ತೊಳೆದ ನೀರು ಕರಿಬೇವಿಗೆ ಆರಾಮಾಗಿ ಹಾಕಿ. ಆರ್‌ಓ ಹೊರಗೆ ಬಿಡುವ ನೀರಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ನೆಲ ಒರೆಸೋಕೆ ಇಡಿ. ಸೋಪಿನ ನೀರು? ಸಂಡಾಸಿಗೆ. ನಾನು ಮೊದಲಿಂದ ಹೇಳ್ತಿರೋದು ಅದೇ ಅಲ್ವಾ!

‘ವಾಸನೆ ಬರ್ತದೆ ಸರ್.’ ಮೂರು ದಿನ ಇಟ್ಟರೆ ಬರದೇ ಇರುತ್ತಾ? ಅವತ್ತಿನದು ಅವತ್ತೇ ಖಾಲಿ ಮಾಡ್ರಿ. ಮತ್ತೆ ಅದು ಹೋಗೋದು ಎಲ್ಲಿಗೆ ಅಂತ ಸ್ವಲ್ಪ ಯೋಚಿಸಿ. ಅಲ್ಲೇನು ಮಲ್ಲಿಗೆ ಘಮ ಇರುತ್ತಾ?

‘ಹೊಲಸು ನೀರು’ ಅಂತೀರಿ. ಸಂಡಾಸಿಗೇನು ಗಂಗಾಜಲ ಬೇಕಾ? ಬೀದರಿನ ನೌಬಾದಿಗೆ ಹೋಗಿ ನೋಡ್ರಿ. ಬಹಮನಿ ಕಾಲದವರು ನೀರಿಗಾಗಿ ನೆಲದಡಿ ಸುರಂಗವನ್ನೇ ಕೊರೆದರು, ಕರೇಜ್ ಅಂತ. ಕಲ್ಲು ಕಡಿದು ನೀರು ತಂದವರ ಊರಿನ ಪಕ್ಕದಲ್ಲಿದ್ದುಕೊಂಡು ನಮಗೆ ಒಂದು ಪೈಪ್ ಎತ್ತಿ ಡ್ರಮ್ಮಿಗೆ ಹಾಕೋಕೆ ಸೊಂಟ ನೋವು!

ಅಂದಹಾಗೆ, ಸಾಕ್ಸ್ ಕಟ್ಟೋದು ಹೆಂಗೆ ಅಂತ ಬೇರೆ ವಿಡಿಯೋ ಮಾಡಿದ್ದೇನೆ, ನೋಡಿ. ಹನ್ನೊಂದು ಮಂದಿ ನೋಡಿದ್ದಾರೆ. ಅದರಲ್ಲಿ ನಾಲ್ಕು ನಮ್ಮ ಮನೆಯವರೇ.

ಇನ್ನೇನು ಕಾರಣ ಬೇಕ್ರೀ? ದುಡ್ಡು ಕೊಟ್ಟ ನೀರು ಸಂಡಾಸಿಗೆ ಬೇಡ. ಬೇಡ ಅಂದರೆ ಬೇಡ! ಯಾಕೆ ಅಂದರೆ... ಬೇಡ, ಅಷ್ಟೇ. ಆ ತಮ್ಮ ಮತ್ತೆ ಕಾಮೆಂಟ್ ಹಾಕಲಿ, ಅವರ ಮನೆಗೇ ಡ್ರಮ್ ಕಳಿಸ್ತೇನೆ. ನೀವು ಬೆಲ್ ಬಟನ್ ಒತ್ತಿ, ಫ್ಲಶ್ ಬಟನ್ ಒತ್ತಬೇಡಿ. ಮುಂದಿನ ವಾರ ಕೂಲರ್ ಬಗ್ಗೆ ಜಗಳ ಇದೆ, ಬರ್ರಿ.