ಲಂಡನ್ನಿಗೆ ಚಳಿಯಲ್ಲಿ ಫ್ಲೂ, ನಮಗೆ ಮಾತ್ರ ಕಕ್ಕಡದಲ್ಲಿ ಯಾಕೆ?

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲಿನ ವೀಕ್ಷಕರೊಬ್ಬರು ಕಮೆಂಟಿನಲ್ಲಿ ಕೇಳಿದ್ದಾರೆ: "ಫ್ಲೂ ಚಳಿಗಾಲದ ಕಾಯಿಲೆ ಅಂತೀರಲ್ಲ, ಮತ್ತೆ ನಮ್ಮಲ್ಲಿ ಜುಲೈ ಬಂತು ಅಂದ್ರೆ ಲೈನ್ ಮನೆಯಿಂದ ಐನ್‌ಮನೆವರೆಗೆ ಎಲ್ಲರೂ ಕೆಮ್ಮೋದು ಯಾಕೆ?" (ಲೈನ್ ಮನೆ ಅಂದ್ರೆ ತೋಟದ ಕೆಲಸಗಾರರ ಸಾಲು ಮನೆ, ಐನ್‌ಮನೆ ಅಂದ್ರೆ ಕೊಡವ ಕುಟುಂಬದ ಮೂಲ ಮನೆ, ಕಕ್ಕಡ ಅಂದ್ರೆ ಜುಲೈ-ಆಗಸ್ಟಿನ ನಮ್ಮ ಜೋರು ಮಳೆಯ ತಿಂಗಳು.) ನನಗೆ ಈ ಪ್ರಶ್ನೆ ತುಂಬಾ ಹಿಡಿಸಿತು, ಯಾಕಂದ್ರೆ ಇದಕ್ಕೆ ಸಾಮಾನ್ಯವಾಗಿ ಕೊಡುವ "ಚಳಿ, ಒಣ ಗಾಳಿ" ಎಂಬ ಉತ್ತರ ಕೊಡಗಿಗೆ ಬಂದ ತಕ್ಷಣ ಜಾರಿ ಬೀಳುತ್ತದೆ.

ಬೇಸಿಕ್ಸ್ ಬೇಗ ಮುಗಿಸೋಣ. ಮಳೆಯಲ್ಲಿ ನೆನೆದ ಮಾತ್ರಕ್ಕೆ ಫ್ಲೂ ಬರುವುದಿಲ್ಲ, ಇನ್ನೊಬ್ಬರಿಂದ ವೈರಸ್ ಬರಬೇಕು. (ಅಜ್ಜಿಯ ಹತ್ತಿರ ಇದನ್ನು ವಾದಿಸಬೇಡಿ, ಗೆಲ್ಲುವುದಿಲ್ಲ.) ಯುರೋಪಿನಲ್ಲಿ ಫ್ಲೂ ಡಿಸೆಂಬರ್‌ನಿಂದ ಫೆಬ್ರವರಿ ಹೊತ್ತಿಗೆ ಜಾಸ್ತಿ, ಆಸ್ಟ್ರೇಲಿಯಾದಲ್ಲಿ ಜೂನ್‌ನಿಂದ ಆಗಸ್ಟ್. ಅವರಿಗೆ ಅದೇ ಚಳಿಗಾಲ. ಸರಿ ತಾನೇ?

ಈಗ ಗಿನಿಪಿಗ್ ಕತೆ. 1918ರ ಮಹಾ ಫ್ಲೂ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿದ್ದ ಕ್ಯಾಂಪ್ ಕೋಡಿ ಸೇನಾ ಶಿಬಿರಕ್ಕೆ ಬಂದಾಗ, ಅಲ್ಲಿನ ಲ್ಯಾಬಿನ ಗಿನಿಪಿಗ್‌ಗಳೂ ಸಾಯತೊಡಗಿದವು. 1919ರಲ್ಲಿ ಯಾರೋ ಅದನ್ನು ಬರೆದಿಟ್ಟರು, ಎಲ್ಲರೂ ಮರೆತರು. ಎಷ್ಟೋ ದಶಕದ ನಂತರ ಪೀಟರ್ ಪಲೇಸಿ ಎಂಬ ವಿಜ್ಞಾನಿಯ ಕಣ್ಣಿಗೆ ಅದು ಬಿತ್ತು. ಅವರು ಮತ್ತು ಅನಿಸ್ ಲೋವೆನ್ ಸೇರಿ ನ್ಯೂಯಾರ್ಕಿನಲ್ಲಿ ಗಿನಿಪಿಗ್‌ಗಳ ಮೇಲೆ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. 5 ಡಿಗ್ರಿ ಚಳಿಯಲ್ಲಿ ಫ್ಲೂ ಚೆನ್ನಾಗಿ ಹರಡಿತು, 30 ಡಿಗ್ರಿಯಲ್ಲಿ ಹರಡಲೇ ಇಲ್ಲ. 20 ಡಿಗ್ರಿಯಲ್ಲಿ ಒಣ ಗಾಳಿ ಇದ್ದರೆ ಹರಡಿತು, ತೇವಾಂಶ ಶೇಕಡಾ 80ಕ್ಕೆ ಏರಿಸಿದಾಗ ನಿಂತುಹೋಯಿತು.

ಹಾಗಾದರೆ ಜುಲೈನಲ್ಲಿ ಭಾಗಮಂಡಲದಲ್ಲಿ ಯಾರಿಗೂ ಫ್ಲೂ ಬರಬಾರದು! ಒಗೆದ ಬಟ್ಟೆ ವಾರವಾದರೂ ಒಣಗದ, ಕಪಾಟಿನಲ್ಲಿಟ್ಟ ಬೆಲ್ಟಿಗೂ ಬೂಸ್ಟು ಹಿಡಿಯುವ ಊರು ಅದು.

ಇಲ್ಲೇ ನನಗೆ ಇಷ್ಟವಾದ ಭಾಗ ಬರುವುದು, ಸ್ವಲ್ಪ ಜಾಸ್ತಿ ಹೊತ್ತು ತಗೊಳ್ತೀನಿ. ಉಪ್ಪಿನಕಾಯಿ ಭರಣಿ ನೆನಪಿಸಿಕೊಳ್ಳಿ. ಉಪ್ಪು ಜೋರಾಗಿದ್ದರೆ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ, ಯಾರೋ ಒದ್ದೆ ಸೌಟು ಹಾಕಿ ನೀರು ಸೇರಿಸಿದರೆ ಮುಗೀತು. ನಾವು ಕೆಮ್ಮಿದಾಗ ಹಾರುವ ಹನಿಯಲ್ಲೂ ಉಪ್ಪಿದೆ. ಗಾಳಿ ಮಧ್ಯಮ ತೇವದ್ದಾದರೆ ಹನಿ ಅರ್ಧ ಒಣಗುತ್ತದೆ, ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗಿ ವೈರಸ್ಸಿಗೆ ಏಟು ಬೀಳುತ್ತದೆ. ಗಾಳಿ ನೀರಿನಿಂದ ತುಂಬಿ ತುಳುಕುತ್ತಿದ್ದರೆ ಹನಿ ಒಣಗುವುದೇ ಇಲ್ಲ, ಉಪ್ಪು ತೆಳ್ಳಗೇ ಇರುತ್ತದೆ, ವೈರಸ್ ಆರಾಮಾಗಿರುತ್ತದೆ. ಪೂರ್ತಿ ಒಣ ಗಾಳಿಯಲ್ಲಿ ನೀರೆಲ್ಲ ಹೋಗಿ ಉಪ್ಪು ಹರಳಾಗುತ್ತದೆ, ಆಗಲೂ ವೈರಸ್ ಬಚಾವ್. 2012ರಲ್ಲಿ ಅಮೆರಿಕದ ಲಿನ್ಸಿ ಮಾರ್ ಅವರ ತಂಡ ಫ್ಲೂ ವೈರಸ್ ಇದ್ದ ಹನಿಗಳಲ್ಲಿ ಈ ಮೂರು ಸ್ಥಿತಿಗಳನ್ನು ವಿವರಿಸಿತು. ಅಂದರೆ ಲಂಡನ್ನಿನ ಹೀಟರ್ ಹಾಕಿದ ಕೋಣೆಯೂ ವೈರಸ್ಸಿಗೆ ಒಗ್ಗುತ್ತದೆ, ನಮ್ಮ ಕಕ್ಕಡವೂ ಒಗ್ಗುತ್ತದೆ!

ಉಪ್ಪೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮಳೆ ಬಂದರೆ ಕಿಟಕಿ ಮುಚ್ಚುತ್ತೇವೆ, ಒಲೆ ಸುತ್ತ ಎಲ್ಲರೂ ಕೂರುತ್ತೇವೆ, ಬಸ್ಸಿನ ಶಟರ್ ಎಳೆದು ನಿಂತವರ ಉಸಿರು ಕೂತವರಿಗೆ. ಚಿಕ್ಕ ಲೈನ್ ಮನೆಯಲ್ಲಿ ಐದಾರು ಜನ ಮಲಗುವಾಗ ದೂರ ಇರಿ ಅನ್ನೋದು ಸುಮ್ನೆ ಮಾತು, ಅಲ್ವಾ?

(ಭಾರತದ ನಕ್ಷೆ ತೋರಿಸಿ) ಇದು ನೋಡಿ. ಫ್ಲೂ ಶ್ರೀನಗರದಲ್ಲಿ ಜನವರಿಯಿಂದ ಮಾರ್ಚ್, ಯುರೋಪಿನ ಹಾಗೆ. ದೆಹಲಿ, ನಾಗಪುರ, ಕೋಲ್ಕತ್ತದಲ್ಲಿ ಜುಲೈನಿಂದ ಸೆಪ್ಟೆಂಬರ್. ಚೆನ್ನೈ, ವೆಲ್ಲೂರಿನಲ್ಲಿ ಅಕ್ಟೋಬರ್-ನವೆಂಬರ್, ಅವರಿಗೆ ಮಳೆಯೇ ಆಗ ತಾನೇ. ಒಂದೇ ದೇಶ, ಮೂರು ಕ್ಯಾಲೆಂಡರ್. ದೇಶಕ್ಕೆಲ್ಲ ಒಂದೇ "ಫ್ಲೂ ಸೀಸನ್" ಅಂತ ಟಿವಿಯಲ್ಲಿ ಹೇಳುವಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಟೈಮ್ ಆಯ್ತು, ಉಳಿದದ್ದು ಓಡಿಸುತ್ತೇನೆ. ಲಸಿಕೆ: ಮೈಯಲ್ಲಿ ರಕ್ಷಣೆ ಬೆಳೆಯೋಕೆ ಸುಮಾರು ಎರಡು ವಾರ ಬೇಕು, ಹಾಗಾಗಿ ನಮ್ಮ ಮಳೆಗೆ ಏಪ್ರಿಲ್-ಮೇನಲ್ಲೇ ಡಾಕ್ಟರನ್ನು ಕೇಳಿ, ಅದರಲ್ಲೂ ವಯಸ್ಸಾದವರು, ಬಸುರಿಯರು, ಆಸ್ತಮಾ ಇರುವವರು. ಹೊಸ ತಳಿಯ ಮಹಾಮಾರಿ ಮಾತ್ರ ಸೀಸನ್ ಕೇಳುವುದಿಲ್ಲ, 2009ರ ಎಚ್1ಎನ್1 (ಹಂದಿಜ್ವರ) ಏಪ್ರಿಲ್‌ನಲ್ಲಿ ಸುದ್ದಿಯಾಗಿ ಜೂನ್ ಹೊತ್ತಿಗೆ ಜಗತ್ತನ್ನೇ ಸುತ್ತಿತ್ತು. ಕೊನೆಯದು, 2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತ ಮೇಲೆ ಬಿ-ಯಮಗಾಟ ಎಂಬ ಫ್ಲೂ ತಳಿ ಕಾಣೆಯಾಯಿತು. ಆ ವರ್ಷದ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಸಿಕ್ಕಿಲ್ಲ. ಹಲವು ದೇಶಗಳು ಲಸಿಕೆಯಿಂದಲೇ ಅದನ್ನು ತೆಗೆದುಬಿಟ್ಟಿವೆ.